ಸಿದ್ಧರಾಮರ ಕೆರೆಯ ಸುತ್ತ

ಸೊಲ್ಲಾಪುರದ ಸಿದ್ಧೇಶ್ವರ ದರ್ಶನಕ್ಕೆ ನಮ್ಮ ನಾಡಿನಿಂದ ಹೋಗಿ ಬರುವ ಕುಟುಂಬಗಳಿಗೆ ಲೆಕ್ಕವಿಲ್ಲ. ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆಗಳ ಕಡೆಯವರಿಗಂತೂ ಅದು ಪರನಾಡು ಎಂಬ ಭಾವನೆಯೇ ಇಲ್ಲ. ಆದರೆ ಇವರಲ್ಲಿ ಬಹುಪಾಲು ಜನರ ಯಾತ್ರೆಯ ಕ್ರಮವನ್ನು ನೋಡಿದಾಗ ನಮಗೆ ತುಸು ವ್ಯಸನವೇ ಆಗುತ್ತದೆ. ಬೆಳಗಿನ ಜಾವ ಬಾಡಿಗೆಯ ವಾಹನದಲ್ಲಿ ಹೊರಡುವುದು, ಅಕ್ಕಲಕೋಟೆ, ತುಳಜಾಪುರ, ಪಂಢರಪುರಗಳ ನಡುವೆ ಸೊಲ್ಲಾಪುರಕ್ಕೆ ಅರ್ಧ ಗಂಟೆಯನ್ನು ಮೀಸಲಿಡುವುದು, ಗದ್ದುಗೆಗೆ ಕಾಯಿ-ಕರ್ಪೂರ ಅರ್ಪಿಸಿ, ಕಟ್ಟೆಯ ಮೇಲೆ ಐದು ನಿಮಿಷ ಕುಳಿತೆದ್ದು, ಎರಡು ಚಾದರಗಳನ್ನು ಕೊಂಡು ಮುಂದಿನ ಊರಿಗೆ ಸಾಗುವುದು. ದೇವಸ್ಥಾನವನ್ನು ಸುತ್ತುವರಿದಿರುವ ನೀರನ್ನು ಅವರು ದಾಟಿಯೇ ಬಂದಿರುತ್ತಾರೆ; ಆದರೆ ನೋಡಿರುವುದಿಲ್ಲ. ಸಿದ್ಧರಾಮ ಶಿವಯೋಗಿಗಳು ಆ ಊರಿಗೆ ಕೊಟ್ಟ ಮೊದಲ ಪ್ರಸಾದವೇ ಆ ನೀರು. ಅದನ್ನು ನೋಡದೆ ಹಿಂದಿರುಗುವುದು, ದಾಸೋಹದ ಮನೆಗೆ ಹೋಗಿ ಉಣ್ಣದೆ ಬಂದಂತೆಯೇ ಸರಿ.

ಆದುದರಿಂದ ಈ ಸಲದ ಅಂಕಣದಲ್ಲಿ ನಾವು ನಮ್ಮ ಗೃಹಸ್ಥ ಬಂಧುಗಳಿಗೆ ಒಂದು ಸಲಹೆಯನ್ನು ಮುಂದಿಡುತ್ತೇವೆ. ಸೊಲ್ಲಾಪುರಕ್ಕೆ ಮೂರು ದಿನಗಳನ್ನು ಕೊಡಿರಿ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ಮತ್ತು ವಾಹನವನ್ನು ಬಿಟ್ಟು ನಡೆಯಿರಿ. ಆ ಊರಿನ ಕೆರೆಗಳ ಸುತ್ತ ನಡೆಯುವುದರಲ್ಲಿ ಎಷ್ಟು ಸಂತೋಷವಿದೆಯೋ ಅಷ್ಟೇ ತಿಳಿವಳಿಕೆಯೂ ಇದೆ.

ಸೊಲ್ಲಾಪುರ ಮಳೆನೆರಳಿನ ಸೀಮೆ. ಮುಂಗಾರು ಸಹ್ಯಾದ್ರಿಯಲ್ಲಿ ತನ್ನ ಬುತ್ತಿಯನ್ನೆಲ್ಲ ಬಿಚ್ಚಿ, ಇತ್ತ ಬರುವ ವೇಳೆಗೆ ಬರಿಗೈಯಾಗಿರುತ್ತದೆ. ಕರಿಯ ಎರೆಭೂಮಿ, ಹಿಂಗಾರಿನ ಬಿಳಿಜೋಳ, ಏಪ್ರಿಲ್ ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ಬಿಸಿಲು, ಇವು ಈ ನೆಲದ ಲಕ್ಷಣಗಳು. ಇಂಥ ನೆಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸೊನ್ನಲಿಗೆ ಎಂಬ ಊರಿನ ಮುದ್ದುಗೌಡ ಮತ್ತು ಸುಗ್ಗಲಾದೇವಿಯರ ಮಗನೊಬ್ಬನು ಶ್ರೀಶೈಲದ ಮಲ್ಲಿಕಾರ್ಜುನನನ್ನು ಅರಸಿ ಹೋಗಿ, ಮರಳಿ ಬಂದು, ತಪಸ್ಸಿಗೆ ಗುಹೆಯನ್ನು ಹುಡುಕದೆ ಗುದ್ದಲಿಯನ್ನು ಹಿಡಿದನು. ಕೆರೆಯನ್ನು ಕಟ್ಟಿಸಿದನು, ಗುಡಿಯನ್ನು ಎಬ್ಬಿಸಿದನು, ಲಿಂಗಗಳನ್ನು ಸ್ಥಾಪಿಸಿದನು. ಹದಿಮೂರನೆಯ ಶತಮಾನದ ರಾಘವಾಂಕ ಕವಿಯು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಲೋಕೋಪಕಾರದ ಬದುಕನ್ನೇ ಕಾವ್ಯಕ್ಕೆ ವಸ್ತುವನ್ನಾಗಿಸಿಕೊಂಡನು. ಅರಸರು ಕಟ್ಟಿಸಿದ ಕೆರೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಆದರೆ ಯೋಗಿಯೊಬ್ಬನು ಭಕ್ತಸಮೂಹವನ್ನು ಕೂಡಿಸಿಕೊಂಡು ಕೆರೆಯನ್ನು ತೋಡಿದ್ದು, ಮತ್ತು ಊರೇ ಆತನನ್ನು ಇಂದಿಗೂ ತನ್ನ ಗ್ರಾಮದೈವವೆಂದು ಕರೆಯುತ್ತಿರುವುದು ವಿರಳವಾದ ಸಂಗತಿ.

ಈಗ ನಡಿಗೆಯ ಮಾತಿಗೆ ಬರೋಣ. ಸೂರ್ಯೋದಯಕ್ಕೆ ಮುಂಚೆಯೇ ಕೆರೆಯ ದಂಡೆಗೆ ಹೋಗಬೇಕು. ಆ ಹೊತ್ತಿನಲ್ಲಿ ದರ್ಶನಾರ್ಥಿಗಳ ಗದ್ದಲವಿರುವುದಿಲ್ಲ. ನೀರಿನ ನಡುವೆ ದೇವಸ್ಥಾನದ ಪೌಳಿ. ಅದಕ್ಕೆ ದಂಡೆಯಿಂದ ಹಾದಿ. ಶಿಖರದ ನೆರಳು ಇನ್ನೂ ಬೂದುಬಣ್ಣದ ನೀರಿನಲ್ಲಿ ನಿಶ್ಚಲವಾಗಿ ಬಿದ್ದಿರುತ್ತದೆ. ಕೆಲವರು ಓಡುತ್ತಿರುತ್ತಾರೆ, ಕೆಲವರು ಬೀಸುಗೈಯಲ್ಲಿ ನಡೆಯುತ್ತಿರುತ್ತಾರೆ. ವಯಸ್ಸಾದ ತಾಯಂದಿರು ಹೂವಿನ ಬುಟ್ಟಿಗಳನ್ನು ಹಿಡಿದು ಪಾವಟಿಗೆಗಳನ್ನು ಇಳಿಯುತ್ತಿರುತ್ತಾರೆ. ಅವರ ಮಾತಿಗೆ ಕಿವಿಗೊಟ್ಟರೆ ಒಂದು ವಾಕ್ಯ ಮರಾಠಿಯಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುವುದನ್ನು ಕೇಳಬಹುದು. ಪೌಳಿಯೊಳಗೆ ಸಿದ್ಧರಾಮರ ಯೋಗಸಮಾಧಿಯಿದೆ. ಅಲ್ಲಿ ಕೆಲಹೊತ್ತು ಕುಳಿತು, ಬಳಿಕ ಹೊರಗೆ ಬಂದು, ಕೆರೆಯನ್ನು ಬಲಕ್ಕಿಟ್ಟುಕೊಂಡು ಸುತ್ತಲಾರಂಭಿಸಬೇಕು. ಗುಡಿಯನ್ನು ಪ್ರದಕ್ಷಿಣೆ ಮಾಡುವ ನಾವು ಗುಡಿಯೊಂದಿಗೆ ಅದರ ಕೆರೆಯನ್ನೂ ಪ್ರದಕ್ಷಿಣೆ ಮಾಡಿದರೆ ತಪ್ಪೇನು?

ಸುತ್ತುತ್ತ ಹೋದಂತೆ ಎದುರಿಗೆ ಭುಯಿಕೋಟೆಯ ಗೋಡೆಗಳು ಕಾಣಿಸುತ್ತವೆ. ಬೆಟ್ಟವಿಲ್ಲದ ಬಯಲಿನಲ್ಲಿ ನಿಂತ ಕೋಟೆಯಾದುದರಿಂದ ಅದಕ್ಕೆ ಆ ಹೆಸರು. ಮೂರು ಮಗ್ಗುಲಿಗೆ ತೋಡಿದ ಕಂದಕ, ನಾಲ್ಕನೆಯ ಮಗ್ಗುಲಿಗೆ ಸಿದ್ಧರಾಮರ ಕೆರೆಯೇ ಕಂದಕ. ಜನರ ದಾಹಕ್ಕೆಂದು ತೋಡಿದ ನೀರು ಅರಸರ ಕಾಳಗಗಳಿಗೂ ಕಾವಲಾಗಬೇಕಾಯಿತೆಂಬುದು ಇತಿಹಾಸದ ಒಂದು ವಿಚಿತ್ರ. ಬಹಮನಿಯರ ಕಾಲದ ಈ ಕೋಟೆಗಾಗಿ ವಿಜಾಪುರದ ಆದಿಲಶಾಹಿಯೂ ಅಹಮದನಗರದ ನಿಜಾಮಶಾಹಿಯೂ ಪದೇ ಪದೇ ಕಚ್ಚಾಡಿದವು. ಕಡೆಗೆ 1564ರಲ್ಲಿ ಚಾಂದಬೀಬಿಯು ಮೊದಲನೆಯ ಅಲಿ ಆದಿಲಶಹನನ್ನು ಕೈಹಿಡಿದಾಗ ಸೊಲ್ಲಾಪುರವು ಬಳುವಳಿಯಾಗಿ ಬಂದಿತು. 1818ರಲ್ಲಿ ಅದು ಇಂಗ್ಲಿಷರ ವಶವಾಯಿತು. ಕೋಟೆಯೊಳಗೆ ಹಳೆಯ ದೇಗುಲವೊಂದರ ಅವಶೇಷಗಳಿವೆ. ಕೆತ್ತನೆಯ ಕಂಬಗಳನ್ನು ಮಕ್ಕಳಿಗೆ ತೋರಿಸಬಹುದು. ಆದರೆ ಕೋಟೆಯ ಕಥೆಯನ್ನು ಹೇಳುತ್ತ ಹೆಚ್ಚು ಹೊತ್ತು ಕಳೆಯುವುದು ನಮಗೆ ಇಷ್ಟವಿಲ್ಲ. ಅದನ್ನು ಗೆದ್ದವರೆಲ್ಲರೂ ಹೋದರು, ಕೆರೆ ಉಳಿಯಿತು.

ಇಲ್ಲಿ ನಮ್ಮ ಶರಣ ಬಂಧುಗಳಲ್ಲಿ ಹಲವರ ಮನಸ್ಸಿನಲ್ಲಿ ಏಳುವ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ಕೆರೆ-ಗುಡಿಗಳ ಈ ಕೆಲಸವನ್ನೇ ಅಲ್ಲವೆ ಅಲ್ಲಮಪ್ರಭುಗಳು ಕಟುವಾಗಿ ಪ್ರಶ್ನಿಸಿದ್ದು? ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗವು ವಿಸ್ತಾರವಾಗಿ ಬರುತ್ತದೆ. ಕೆರೆಯ ಕೆಲಸ ನಡೆಯುತ್ತಿದ್ದ ಸ್ಥಳಕ್ಕೆ ಪ್ರಭುಗಳು ಬಂದು, ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಕರೆದರು. ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆದರು. ಸುದ್ದಿ ತಿಳಿದು ಸಿದ್ಧರಾಮರು ಕೋಪದಿಂದ ಬಂದರು, ವಾದ ನಡೆಯಿತು, ಕೊನೆಗೆ ಅವರ ಅರಿವಿನ ಕಣ್ಣು ತೆರೆಯಿತು. ಪ್ರಭುಗಳೊಡನೆ ಅವರು ಕಲ್ಯಾಣಕ್ಕೆ ನಡೆದರು. ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಮುಂದೆ ಶೂನ್ಯಪೀಠವನ್ನೇ ಏರಿದರು. ಹಾಗಾದರೆ ಕೆರೆ ಎಂಬುದು ದಾಟಿಬಂದ ಮೆಟ್ಟಿಲು ಮಾತ್ರವೆ? ನಾವು ಕೆರೆಯನ್ನು ಇಷ್ಟೊಂದು ಕೊಂಡಾಡುವುದು ಪ್ರಭುಗಳ ಮಾತಿಗೆ ವಿರುದ್ಧವಲ್ಲವೆ?

ನಮಗೆ ಹಾಗೆ ತೋರುವುದಿಲ್ಲ. ಪ್ರಭುಗಳು ಕೆರೆಯನ್ನು ಮುಚ್ಚೆಂದು ಎಲ್ಲಿಯೂ ಹೇಳಲಿಲ್ಲ. ಕೆರೆಯನ್ನು ನಾನು ತೋಡಿಸಿದೆ ಎನ್ನುವ ಆ ‘ನಾನು’ ಯಾರು ಎಂದು ಕೇಳಿದರು. ಆ ಪ್ರಶ್ನೆಗೆ ಸಿದ್ಧರಾಮರು ಉತ್ತರವನ್ನು ಕಂಡುಕೊಂಡ ಮೇಲೆ ಕೆರೆಯ ನೀರು ಕಡಿಮೆಯಾಗಲಿಲ್ಲ, ಅದರ ಸಿಹಿಯೂ ಹೋಗಲಿಲ್ಲ. ಪಡೆಯಬೇಕಾದುದನ್ನು ಕಲ್ಯಾಣದಲ್ಲಿ ಪಡೆದವರು ಕಡೆಗೆ ಐಕ್ಯವಾದದ್ದು ಸೊನ್ನಲಿಗೆಯಲ್ಲಿಯೇ, ಆ ನೀರಿನ ನಡುವೆಯೇ ಎಂದು ಪರಂಪರೆ ಹೇಳುತ್ತದೆ. ಬೆಳಗಿನ ನಡಿಗೆಯಲ್ಲಿ ಪಾವಟಿಗೆಯ ಮೇಲೆ ಕುಳಿತು ಈ ಪ್ರಸಂಗವನ್ನು ಮನೆಯ ಹಿರಿಯರು ಮಕ್ಕಳಿಗೆ ಹೇಳಿದರೆ, ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಕಲ್ಲುಗಳೂ ನೀರೂ ಎದುರಿಗೇ ಇರುತ್ತವಲ್ಲ!

ಎರಡನೆಯ ದಿನದ ನಡಿಗೆ ಊರಿನದು. ಸಿದ್ಧರಾಮರು ಸೊನ್ನಲಿಗೆಯ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರೆಂದು ಪ್ರತೀತಿ. ಅಷ್ಟವಿನಾಯಕ, ಅಷ್ಟಭೈರವ ಸ್ಥಾನಗಳನ್ನೂ ಜನರು ತೋರಿಸುತ್ತಾರೆ. ಇಂದಿನ ಊರು ಹಬ್ಬಿ ಬೆಳೆದು ಈ ಲಿಂಗಗಳನ್ನೆಲ್ಲ ತನ್ನೊಳಗೆ ನುಂಗಿದೆ. ಒಂದು ಲಿಂಗ ಅಂಗಡಿಸಾಲಿನ ಹಿಂದೆ, ಇನ್ನೊಂದು ಓಣಿಯ ಬೇವಿನ ಕೆಳಗೆ, ಮತ್ತೊಂದು ಯಾರದೋ ಮನೆಯ ಮಗ್ಗುಲಲ್ಲಿ. ಎಲ್ಲವನ್ನೂ ಒಂದೇ ದಿನದಲ್ಲಿ ನಡೆದು ಮುಗಿಸುವುದು ಗಟ್ಟಿ ಕಾಲಿನವರಿಗೆ ಮಾತ್ರ ಸಾಧ್ಯ. ಹಿರಿಯರೂ ಮಕ್ಕಳೂ ಇದ್ದಲ್ಲಿ ಹತ್ತು ಹನ್ನೆರಡು ಲಿಂಗಗಳನ್ನು ಆರಿಸಿಕೊಂಡು, ಹಳೆಯ ಪೇಟೆಯ ಉತ್ತರ ಕಸಬಾ, ಬಾಳಿವೇಸಗಳ ಕಡೆಗೆ ಹೋದರೆ ಸಾಕು. ಅಗಸಿ ಎಂದು ನಾವು ಕರೆಯುವುದನ್ನೇ ಅವರು ‘ವೇಸ’ ಎನ್ನುತ್ತಾರೆ. ಬಾಳಿವೇಸದ ಮಲ್ಲಿಕಾರ್ಜುನ ದೇವಸ್ಥಾನವನ್ನು ತಪ್ಪಿಸಬಾರದು. ಹಾದಿಯನ್ನು ಕೇಳಲು ಹಿಂಜರಿಯಬೇಕಾಗಿಲ್ಲ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಬರುವ ಸಂಭವ ಹೆಚ್ಚು.

ಈ ಅರವತ್ತೆಂಟು ಲಿಂಗಗಳು ಊರಿಗೆ ಊರೇ ನೆನೆಯುವ ದಿನಗಳೆಂದರೆ ಸಂಕ್ರಮಣದ ಜಾತ್ರೆಯ ದಿನಗಳು. ಅಲ್ಲಿಯವರು ಇದನ್ನು ಗಡ್ಡಾ ಯಾತ್ರೆ ಎಂದು ಕರೆಯುತ್ತಾರೆ. ಕೆರೆಯ ಸಮೀಪದ ಹೋಮ ಮೈದಾನದಲ್ಲಿ ತೊಟ್ಟಿಲುಗಳು, ಆಟಿಕೆಯ ಅಂಗಡಿಗಳು, ಮಿಠಾಯಿಯ ಸಾಲುಗಳು ವಾರಗಟ್ಟಲೆ ನಿಲ್ಲುತ್ತವೆ. ಆದರೆ ಜಾತ್ರೆಯ ಜೀವವಿರುವುದು ಏಳು ನಂದಿಧ್ವಜಗಳಲ್ಲಿ. ಸುಮಾರು ಮೂವತ್ತು ಅಡಿ ಎತ್ತರದ, ಅಲಂಕರಿಸಿದ ಕಂಬಗಳವು. ಒಬ್ಬೊಬ್ಬ ಭಕ್ತನು ಸೊಂಟದ ಪಟ್ಟಿಗೆ ಅದರ ಬುಡವನ್ನು ಆನಿಸಿ, ಎರಡು ಕೈಗಳಿಂದ ಹಿಡಿದು, ನೆಟ್ಟಗೆ ನಿಲ್ಲಿಸಿಕೊಂಡು ನಡೆಯುತ್ತಾನೆ. ದಣಿದಾಗ ಇನ್ನೊಬ್ಬನು ವಹಿಸಿಕೊಳ್ಳುತ್ತಾನೆ. ಬಿಳಿಯ ಬಾರಾಬಂದಿ ಅಂಗಿಗಳನ್ನು ತೊಟ್ಟ ಸಾವಿರಾರು ಜನರು ಜಯಘೋಷ ಮಾಡುತ್ತ ಹಿಂಬಾಲಿಸುತ್ತಾರೆ. ಇದಕ್ಕಾಗಿ ತಿಂಗಳುಗಳ ಮೊದಲಿನಿಂದಲೇ ಅಭ್ಯಾಸ ನಡೆಯುತ್ತದೆ. ಧ್ವಜಗಳು ಒಂದೇ ಮನೆತನದ ಸೊತ್ತಲ್ಲ. ಬಾಳಿವೇಸದ ಹಿರೇಹಬ್ಬು ಮನೆತನಕ್ಕೆ ಮೊದಲ ಮಾನವಿದ್ದರೂ ಉಳಿದವು ಬೇರೆ ಬೇರೆ ಸಮಾಜಗಳಿಗೆ ಸೇರಿದವು; ಮಾತಂಗ ಸಮಾಜದವರ ಧ್ವಜವೂ ಅದೇ ಸಾಲಿನಲ್ಲಿ, ಅದೇ ಗೌರವದಿಂದ ನಡೆಯುತ್ತದೆ. ಶರಣರು ಕಂಡ ಸಮತೆಯನ್ನು ಭಾಷಣಗಳಲ್ಲಿ ಕೇಳಿ ಕೇಳಿ ಬೇಸತ್ತ ಮಕ್ಕಳು ಇದನ್ನೊಮ್ಮೆ ಕಣ್ಣಾರೆ ನೋಡಲಿ.

ಮೊದಲ ದಿನ ಧ್ವಜಗಳು ಅರವತ್ತೆಂಟು ಲಿಂಗಗಳ ಹಾದಿಯನ್ನು ಹಿಡಿಯುತ್ತವೆ, ಲಿಂಗಗಳಿಗೆ ಎಣ್ಣೆಮಜ್ಜನ. ಕನ್ನಡದ ಆ ಮಾತನ್ನೇ ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಎಂದು ಅಚ್ಚುಹಾಕುವುದನ್ನು ಕಂಡಾಗ ನಮಗೆ ಒಳಗೊಳಗೇ ಹಿಗ್ಗು. ಬೆಳಿಗ್ಗೆ ಹೊರಟ ಮೆರವಣಿಗೆ ಹಿಂದಿರುಗುವಾಗ ರಾತ್ರಿಯಾಗಿರುತ್ತದೆ. ಭೋಗಿಯ ದಿನ ಪೌಳಿಯ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಸಂಕ್ರಮಣದ ದಿನ ಹೋಮ. ಮರುದಿನ ಮದ್ದುಗುಂಡಿನ ಬೆಳಕು. ಕೊನೆಯ ದಿನ ಮಲ್ಲಿಕಾರ್ಜುನ ಗುಡಿಯಲ್ಲಿ ಕಪ್ಪಡಕಳ್ಳಿ, ಎಂದರೆ ನಂದಿಧ್ವಜಗಳ ವಸ್ತ್ರಗಳನ್ನು ಇಳಿಸುವ ವಿಧಿ. ಇದೂ ಕನ್ನಡದ ಹೆಸರೇ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ವಿಧಿಗಳ ಹಿಂದಿರುವ ಐತಿಹ್ಯ ಬಹು ಕೋಮಲವಾದುದು. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮರನ್ನೇ ವರಿಸಬೇಕೆಂದು ಹಟ ಹಿಡಿದಳಂತೆ. ಲಿಂಗದೊಡನೆ ತಮ್ಮ ವಿವಾಹ ಆಗಿಹೋಗಿದೆಯೆಂದು ಶಿವಯೋಗಿಗಳು ತಿಳಿಹೇಳಿದರೂ ಅವಳು ಬಿಡದಾದಾಗ, ತಮ್ಮ ಯೋಗದಂಡದೊಡನೆ ವಿವಾಹವಾಗಲು ಒಪ್ಪಿಗೆ ಕೊಟ್ಟರಂತೆ. ನಂದಿಧ್ವಜವೇ ಆ ಯೋಗದಂಡದ ಪ್ರತೀಕ. ಅಕ್ಷತೆಯ ಕ್ಷಣದಲ್ಲಿ ಲಕ್ಷಾಂತರ ಕೈಗಳು ಮೇಲೇಳುತ್ತವೆ. ಮರುದಿನ ದಂಟುಗಳಿಂದ ಕಟ್ಟಿ ಸೀರೆಯುಡಿಸಿದ ಕುಂಬಾರ ಕನ್ಯೆಯ ರೂಪವನ್ನು ಹೋಮಕ್ಕೆ ಅರ್ಪಿಸುತ್ತಾರೆ.

ಹೋಮ ಶರಣಧರ್ಮಕ್ಕೆ ಒಪ್ಪುವುದೆ ಎಂದು ತತ್ತ್ವನಿಷ್ಠರಾದ ಬಂಧುಗಳು ಕೇಳುತ್ತಾರೆ. ಕೇಳುವುದು ನ್ಯಾಯವೇ ಆಗಿದೆ. ಬಸವಾದಿ ಪ್ರಮಥರು ಅಗ್ನಿಕಾರ್ಯವನ್ನು ಮಾನ್ಯ ಮಾಡಲಿಲ್ಲವೆಂಬುದು ವಚನಗಳನ್ನು ಓದಿದ ಯಾರಿಗೂ ಗೊತ್ತಿರುವ ವಿಷಯ. ಸ್ವತಃ ನಮಗೂ ಆ ಕನ್ಯೆಯ ರೂಪವು ಬೆಂಕಿಗೆ ಬೀಳುವ ಗಳಿಗೆಯಲ್ಲಿ ಮನಸ್ಸು ಅಳುಕುತ್ತದೆ. ಮಕ್ಕಳು ಕೇಳಿದರೆ ಈ ಸಂಗತಿಯನ್ನು ಮುಚ್ಚಿಡದೆ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಹಾಗೆಂದು ಜಾತ್ರೆಗೇ ಬೆನ್ನು ತಿರುಗಿಸುವವರನ್ನು ನಾವು ಒಪ್ಪಲಾರೆವು. ಶತಮಾನಗಳಿಂದ ಒಂದು ಊರು ತನ್ನ ಕೆರೆ ತೋಡಿದವನನ್ನು ನೆನೆಯಲು ಕಂಡುಕೊಂಡ ದಾರಿಯಿದು. ಸಮ್ಮತಿಯಿಲ್ಲದ ವಿಧಿಯ ಹೊತ್ತಿನಲ್ಲಿ ಗದ್ದುಗೆಯ ಬಳಿ ಕುಳಿತು ಇಷ್ಟಲಿಂಗ ಪೂಜೆಯನ್ನು ಮಾಡಿಕೊಂಡರೂ ಆಯಿತು; ಅದಕ್ಕೆ ಅಲ್ಲಿ ಯಾರೂ ಬೇಡವೆನ್ನುವುದಿಲ್ಲ.

ಹೋಮದ ರಾತ್ರಿ ನಡೆಯುವ ಭಾಕಣೂಕವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆವು. ದಿನವಿಡೀ ಉಪವಾಸವಿರಿಸಿದ ಕರುವೊಂದನ್ನು ಕರೆತಂದು ಅದರ ಮುಂದೆ ಕಾಳುಕಡಿಗಳನ್ನೂ ಬೆಲ್ಲ, ಎಲೆ, ಗಜ್ಜರಿಗಳನ್ನೂ ಇಡುತ್ತಾರೆ. ಕರು ಮೂಸಿದ ಪದಾರ್ಥ ಆ ವರ್ಷ ತುಟ್ಟಿಯಾಗುತ್ತದೆ, ಅದು ಗಂಜಲ ಹಾಕಿದರೆ ಮಳೆ ಚೆನ್ನಾಗಿ ಆಗುತ್ತದೆ ಎಂದು ನಂಬಿಕೆ. ಶರಣರು ಶಕುನಗಳನ್ನು ನಂಬಲಿಲ್ಲ, ನಾವೂ ನಂಬುವುದಿಲ್ಲ. ಆದರೆ ಆ ರಾತ್ರಿ ಕರುವಿನ ಸುತ್ತ ಉಸಿರು ಬಿಗಿಹಿಡಿದು ನಿಂತ ರೈತರ ಮುಖಗಳನ್ನು ನೋಡಿದವರು ನಗಲಾರರು. ನೀರಿಲ್ಲದ ಸೀಮೆಯ ಒಕ್ಕಲಿಗನಿಗೆ ಮಳೆಯ ವಿಚಾರವನ್ನು ಯಾರನ್ನು ಕೇಳಿದರೂ ಸಮಾಧಾನ ಸಾಲದು.

ಜಾತ್ರೆಯ ಊಟದ ಮಾತನ್ನು ಗೃಹಿಣಿಯರಿಗಾಗಿ ಸೇರಿಸುತ್ತೇವೆ. ಭೋಗಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅವರೆ, ಗಜ್ಜರಿ, ಬದನೆ, ಹಸಿಗಡಲೆಗಳೆಲ್ಲ ಕೂಡಿದ ಬೆರಕೆ ಪಲ್ಯ. ಸಂಕ್ರಮಣಕ್ಕೆ ಶೇಂಗಾ ಹೋಳಿಗೆ. ಕುಟ್ಟಿದ ಶೇಂಗಾ ಚಟ್ನಿ, ಕಟಕ ರೊಟ್ಟಿಗಳನ್ನು ಊರಿಗೆ ಒಯ್ಯಬಹುದು, ಕೆಡುವುದಿಲ್ಲ. ಅದೇ ದಿನಗಳಲ್ಲಿ ಹೊಲಗಳಲ್ಲಿ ಸೀತನಿಯ ಸುಗ್ಗಿ. ಮರಾಠಿಯಲ್ಲಿ ಹುರ್ಡಾ. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಬಿಸಿಬಿಸಿಯಾಗಿ ಬೆಲ್ಲ ಚಟ್ನಿಗಳೊಡನೆ ತಿನ್ನುವುದು. ಬಾಲಕ ಸಿದ್ಧರಾಮನಿಗೆ ಮಲ್ಲಯ್ಯನು ಜಂಗಮನಾಗಿ ಹೊಲದಲ್ಲಿಯೇ ಕಾಣಿಸಿಕೊಂಡು, ಎಳೆತೆನೆಯನ್ನು ಬೇಡಿ ತಿಂದನೆಂಬ ಐತಿಹ್ಯವನ್ನು ನೆನೆದರೆ ಆ ತಿನಿಸಿನ ರುಚಿಯೇ ಬೇರೆಯಾಗುತ್ತದೆ. ಮಂಗಳವೇಢೆಯ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆ ಮಂಗಳವೇಢೆಯೇ ನಮ್ಮ ಮಂಗಳವಾಡ. ಬಸವಣ್ಣನವರು ಬಿಜ್ಜಳನಲ್ಲಿ ಕಾಯಕಕ್ಕೆ ನಿಂತ ಊರು. ಸೊಲ್ಲಾಪುರದಿಂದ ಒಂದು ತಾಸಿನ ದಾರಿ.

ಮೂರನೆಯ ದಿನವನ್ನು ಉಳಿದ ಕೆರೆಗಳಿಗೂ ಊರಿನ ಹಿರಿಯರ ನೆನಪಿಗೂ ಇಡಬಹುದು. ವಿಜಯಪುರದ ರಸ್ತೆಯಲ್ಲಿ ಸಂಭಾಜಿ ಕೆರೆಯಿದೆ. ಹಳಬರು ಅದನ್ನು ಕಂಬರ ತಲಾವ ಎಂದೇ ಕರೆಯುತ್ತಾರೆ. ಚಳಿಗಾಲದ ಬೆಳಿಗ್ಗೆ ಅಲ್ಲಿ ಹಕ್ಕಿಗಳನ್ನು ನೋಡುವುದು ಮಕ್ಕಳಿಗೆ ಹಬ್ಬ. ತುಳಜಾಪುರದ ದಾರಿಯಲ್ಲಿ ಹಿಪ್ಪರಗಾ ಕೆರೆ, ಅಂದರೆ ಏಕರೂಖ ಜಲಾಶಯ. ಅದಿಲಾ ಹೊಳೆಗೆ ಒಂದು ಮೈಲಿಗೂ ಮೀರಿದ ಉದ್ದದ ಮಣ್ಣಿನ ಏರಿಯನ್ನು ಹಾಕಿ ಇಂಗ್ಲಿಷ್ ಸರಕಾರವು 1871ರಲ್ಲಿ ಕೆಲಸವನ್ನು ಮುಗಿಸಿತು. ಏರಿಯ ಮೇಲೆ ಸಂಜೆಯ ಗಾಳಿಗೆ ನಡೆಯುವುದು ಬಹು ಹಿತವಾದುದು. ಇನ್ನೂ ದೂರ ಹೋಗುವವರು ಭೀಮೆಗೆ 1980ರಲ್ಲಿ ಪೂರ್ಣವಾದ ಉಜನಿ ಅಣೆಕಟ್ಟನ್ನು ನೋಡಬಹುದು. ಭೀಮೆಯೂ ಸೀನೆಯೂ ಕೂಡುವ ಹತ್ತರಸಂಗ ಕುಡಲದಲ್ಲಿ ಸಂಗಮೇಶ್ವರನ ಗುಡಿಯಿದೆ. ಶಕ 940ರ, ಎಂದರೆ ಕ್ರಿ.ಶ. 1018ರ, ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲೊಂದು ಅಲ್ಲಿದೆ. ನೂರಾರು ಮುಖಗಳನ್ನು ಕೆತ್ತಿದ ಲಿಂಗವೂ ಅಲ್ಲಿಯೇ ದೊರೆತಿದೆ.

ಊರೊಳಗಿನ ನೆನಪುಗಳು ಕಡಿಮೆಯವಲ್ಲ. ವಾರದ ಮಲ್ಲಪ್ಪನವರು ಕಟ್ಟಿಸಿದ ಇಂದ್ರಭವನದ ಮುಂದೆ ನಿಂತು ಅದರ ಕೆತ್ತನೆಯನ್ನು ನೋಡಲು ಅರ್ಧ ತಾಸು ಬೇಕು; ಅದು ಮಹಾನಗರಪಾಲಿಕೆಯ ಕಚೇರಿಯಾಗಿ ಬಳಕೆಯಾದ ಭವನ. 1930ರಲ್ಲಿ ಇಂಗ್ಲಿಷರು ಈ ಊರಿನ ಮೇಲೆ ಲಷ್ಕರಿ ಕಾಯ್ದೆಯನ್ನು ಹೇರಿದರು. 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ನಾಲ್ಕು ಸಮಾಜಗಳ ನಾಲ್ವರು! ಅವರ ಹೆಸರಿನ ಚೌಕದಲ್ಲಿ ಜಾತ್ರೆಯ ಮುನ್ನಾದಿನಗಳಲ್ಲಿಯೇ ಹೂಮಾಲೆಗಳು ಬೀಳುತ್ತವೆ. ಚೀನಾ ದೇಶದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಪ್ರಾಣಬಿಟ್ಟ ಡಾ. ದ್ವಾರಕಾನಾಥ ಕೋಟ್ನಿಸರು ಹುಟ್ಟಿದ್ದೂ ಇಲ್ಲಿಯೇ. ಅವರ ಮನೆ ಈಗ ಸ್ಮಾರಕ. ನಮ್ಮ ಜಯದೇವಿತಾಯಿ ಲಿಗಾಡೆಯವರಂತೂ ಸೊಲ್ಲಾಪುರದ ಮಗಳು. 1912ರಲ್ಲಿ ಜನಿಸಿ, ಮರಾಠಿಯಲ್ಲಿ ಓದಿ, ಕನ್ನಡಕ್ಕೆ ಬಂದು, ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ಹಾಡಿದವರು. ವಚನಗಳನ್ನು ಮರಾಠಿಗರಿಗೆ ಮುಟ್ಟಿಸಿದವರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಸ್ಥಾನಕ್ಕೇರಿದ ಮೊದಲ ಮಹಿಳೆಯಾದವರು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಅತ್ತ ಉಳಿಯಿತು. ಆ ವಾದವನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಅಜ್ಜಿಯ ಬಾಯಲ್ಲಿರುವ ಕನ್ನಡ ಮೊಮ್ಮಗಳ ಕೈಬರಹದಲ್ಲಿಲ್ಲದ ಮನೆಗಳನ್ನು ಅಲ್ಲಿ ಕಂಡಾಗ ಕರುಳು ಚುರುಕ್ಕೆನ್ನುತ್ತದೆ. ಇತ್ತಲಿನಿಂದ ಹೋಗುವವರು ಅಲ್ಲಿನ ಬೀಗರಿಗೆ, ಬಂಧುಗಳಿಗೆ ಸಿಹಿಯೊಂದಿಗೆ ಒಂದೆರಡು ಕನ್ನಡದ ಮಕ್ಕಳ ಪುಸ್ತಕಗಳನ್ನೂ ಒಯ್ದರೆ ಎಷ್ಟು ಚೆನ್ನ!

ಈಗ ಮನಸ್ಸಿಗೆ ಕಷ್ಟವಾಗುವ ಮಾತು. ಕೆರೆ ತೋಡಿದ ಶಿವಯೋಗಿಯ ಊರು ಹಲವಾರು ವರ್ಷಗಳ ಕಾಲ ನಲ್ಲಿಯ ನೀರನ್ನು ನಾಲ್ಕೈದು ದಿನಗಳಿಗೊಮ್ಮೆ ಪಡೆದಿದೆ. ನೂರು ಕಿಲೋಮೀಟರು ದೂರದ ಉಜನಿಯಿಂದ ಬರುವ ನೀರಿಗೆ ಬಾಯಿಬಿಡುತ್ತ, ಕಣ್ಣೆದುರಿನ ಕೆರೆಗಳಿಗೆ ಹೂವು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ಕಿನ ಚೀಲ, ಗಣೇಶ ವಿಸರ್ಜನೆಯ ಬಣ್ಣಗಳನ್ನು ಸುರಿಯುವುದು ಯಾವ ಭಕ್ತಿ? ಈ ದೋಷ ಆ ಊರಿನವರದೊಂದೇ ಅಲ್ಲ. ದರ್ಶನಕ್ಕೆ ಹೋಗುವ ನಮ್ಮದೂ ಪಾಲಿದೆ. ಗದ್ದುಗೆಗೆ ಏರಿಸಿದ ಹೂವನ್ನು ನೀರಿಗೆ ಬಿಟ್ಟರೆ ಪುಣ್ಯವೆಂದು ಬ್ಯಾಗಿನಿಂದ ತೆಗೆದು ಎಸೆಯುವ ಸಭ್ಯ ಗೃಹಸ್ಥರನ್ನು ನಾವು ಕಂಡಿದ್ದೇವೆ. ಒಡನೆ ಬಂದ ಚಿಕ್ಕ ಬಾಲಕನು, ಅಜ್ಜಾ, ಇದು ದೇವರ ನೀರಲ್ಲವೆ, ಇದರೊಳಗೆ ಕಸ ಹಾಕಬಹುದೆ ಎಂದು ಕೇಳಿದಾಗ ಆ ಹಿರಿಯರು ಕೈಯನ್ನು ಹಿಂದಕ್ಕೆ ತೆಗೆದುಕೊಂಡುದನ್ನೂ ಕಂಡಿದ್ದೇವೆ. ಹೂವು ಪತ್ರಿಗಳನ್ನು ದೇವಸ್ಥಾನದವರು ತೋರಿಸುವ ಸ್ಥಳದಲ್ಲಿ ಇರಿಸಿರಿ; ಇಲ್ಲವೆ ಮನೆಗೆ ತಂದು ಗಿಡದ ಬುಡಕ್ಕೆ ಹಾಕಿರಿ. ಪಾವಟಿಗೆಗಳ ಮೇಲೆ ಸಾಬೂನು ಹಚ್ಚಬೇಡಿರಿ. ಮೀನುಗಳಿಗೆಂದು ಬ್ರೆಡ್ಡು, ಚುರುಮುರಿಗಳನ್ನು ಚೆಲ್ಲಬೇಡಿರಿ. ತಂಡವಾಗಿ ಹೋಗುವ ಅಕ್ಕನ ಬಳಗದವರು, ತರುಣ ಸಂಘದವರು ದರ್ಶನವಾದ ಮೇಲೆ ಒಂದು ತಾಸು ದಂಡೆಯ ಕಸವನ್ನು ಆರಿಸಿದರೆ ಅದೂ ಪೂಜೆಯೇ. ದೇವಸ್ಥಾನದ ಕಚೇರಿಯಲ್ಲಿ ಮೊದಲೇ ತಿಳಿಸಿ, ಅವರು ಹೇಳಿದ ಕಡೆಯೇ ಮಾಡುವುದು ಲೇಸು.

ಹೋಗುವ ದಾರಿ ಸುಲಭ. ಮೈಸೂರು, ಬೆಂಗಳೂರು, ರಾಯಚೂರು, ಕಲಬುರಗಿಗಳ ಕಡೆಯವರಿಗೆ ಬಸವ ಎಕ್ಸ್‌ಪ್ರೆಸ್ ಇದೆ. ಅದೇ ಗಾಡಿ ಸೊಲ್ಲಾಪುರದಿಂದ ತಿರುಗಿ ವಿಜಯಪುರ, ಬಾಗಲಕೋಟೆಗಳಿಗೆ ಹೋಗುವುದರಿಂದ ಆ ಕಡೆಯವರಿಗೂ ಅನುಕೂಲ. ವಿಜಯಪುರದಿಂದ ಬಸ್ಸಿನಲ್ಲಿ ಸುಮಾರು ನೂರು ಕಿಲೋಮೀಟರು. ಸಂಕ್ರಮಣಕ್ಕೆ ಹೋಗುವವರು ಇಳಿದುಕೊಳ್ಳುವ ಸ್ಥಳವನ್ನು ತಿಂಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಜನಸಂದಣಿ ಒಲ್ಲದವರು ಶ್ರಾವಣದ ಸೋಮವಾರಗಳನ್ನು ಬಿಟ್ಟು, ಆ ತಿಂಗಳ ಯಾವುದೇ ದಿನ ಹೋಗಬಹುದು. ಆಗ ಕೆರೆಯಲ್ಲಿ ಹೊಸ ನೀರು ಬಂದಿರುವ ಸಂಭವವೂ ಇದೆ. ಮೆತ್ತನೆಯ ಚಪ್ಪಲಿ, ಮಕ್ಕಳಿಗೆ ಟೊಪ್ಪಿಗೆ, ಮನೆಯಿಂದ ತುಂಬಿಕೊಂಡ ನೀರಿನ ತಂಬಿಗೆ, ಇಷ್ಟು ಸಾಕು. ಜನವರಿಯ ಬೆಳಗಿನಲ್ಲಿ ದಂಡೆಯ ಮೇಲೆ ಚಳಿ ಚೆನ್ನಾಗಿಯೇ ಇರುತ್ತದೆ. ಆದರೆ ಹೊದಿಕೆಯನ್ನು ಹೊತ್ತುಕೊಂಡು ಹೋಗುವ ಗೋಜು ಬೇಡ. ಸೊಲ್ಲಾಪುರಕ್ಕೆ ಹೋಗುವವರು ಮನೆಯಿಂದ ಚಾದರ ಒಯ್ಯುವುದುಂಟೆ?